ಭೀಮವ್ವ ಸುಣ್ಣ ಬಳಿದ ಕೋಣೆ

ನನಗೆ ಸಿಟ್ಟು ಬೇಗ ಬರುತ್ತದೆ. ನಮ್ಮೂರು ಮೊಗುಡಂಪಲ್ಲಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಸಾಯಪ್ಪನ ಜೊತೆ ಮಾತಾಡುವ ಮುಂಚೆ ಒಂದು ಸಲ ಅವನ ಮುಖ ನೋಡಿಕೊಳ್ಳಿ ಅಂತ. ಕರೆಂಟಿನವನ ಮೇಲೆ ಸಿಟ್ಟು, ಜಹೀರಾಬಾದಿನಲ್ಲಿ ನನ್ನ ಶುಂಠಿ ತೂಗುವವನ ಮೇಲೆ ಸಿಟ್ಟು, ಚಹಾಕ್ಕೆ ಸಕ್ಕರೆ ಹೆಚ್ಚು ಸುರಿದ ಹೆಂಡತಿಯ ಮೇಲೂ ಸಿಟ್ಟು. ಅವೆಲ್ಲ ಊಟದ ಹೊತ್ತಿಗೆ ಇಳಿದುಹೋಗುವಂಥವು. ಭೀಮವ್ವನ ವಿಷಯದ ಸಿಟ್ಟು ಮಾತ್ರ ಐದು ತಿಂಗಳಾದರೂ ಇಳಿದಿಲ್ಲ. ಅದರಲ್ಲಿ ಅರ್ಧ ಗೋವಾದ ಮೇಲಿನದು. ಇನ್ನರ್ಧ ಯಾರ ಮೇಲಿನದು ಎಂದು ಹೇಳಲಿಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಭೀಮವ್ವ ನಮ್ಮೂರ ಕುರುಬರ ಓಣಿಯವಳು. ವಯಸ್ಸು ನಲವತ್ತರ ಮೇಲೆ ಎರಡೋ ಮೂರೋ. ಎತ್ತರದ ಆಳು, ದೊಡ್ಡ ದನಿ. ಹೊಲದ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯ ಕುರಿ ತಲೆಯೆತ್ತಿ ನೋಡುತ್ತಿತ್ತು. ಅವಳ ಮಾವನ ಕಾಲದಿಂದ ಅವರ ಮಂದೆ ಪ್ರತಿ ಬೇಸಿಗೆಯಲ್ಲಿ ನಮ್ಮ ಹೊಲದಲ್ಲಿ ತರುಬುತ್ತಿತ್ತು. ಬಿತ್ತನೆಗೆ ಮುಂಚೆ ನೂರಾರು ಕುರಿಗಳನ್ನು ರಾತ್ರಿ ಹೊಲದಲ್ಲೇ ಕೂಡಿಹಾಕುವುದಕ್ಕೆ ನಾವು ತರುಬುವುದು ಅನ್ನುತ್ತೇವೆ. ಹಿಕ್ಕೆಯೂ ಗಂಜಲವೂ ಮಣ್ಣಿಗೆ ಸೇರುತ್ತವೆ; ಅಂಥ ಗೊಬ್ಬರ ಯಾವ ಅಂಗಡಿಯ ಚೀಲದಲ್ಲೂ ಸಿಗುವುದಿಲ್ಲ. ಅದಕ್ಕೆ ಬದಲಾಗಿ ಹೊಲದವರು ರಾತ್ರಿಗೆ ಇಷ್ಟು ಸೇರು ಅಂತ ಜೋಳ ಅಳೆದು ಕೊಡಬೇಕು, ಸಂಜೆ ಮನೆಯಿಂದ ಬಿಸಿ ಊಟ ಕಳಿಸಬೇಕು. ಇಲ್ಲಿ ಒಂದು ಮಾತು ಗಮನಿಸಿ. ಬಂದು ತಂಗಿದವರು ಬಾಡಿಗೆ ಕೊಡುವುದಿಲ್ಲ, ತಂಗಿದ್ದಕ್ಕೆ ಜಾಗದ ಒಡೆಯನೇ ಕೊಡುತ್ತಾನೆ. ಯಾರದೋ ನೆಲದಲ್ಲಿ ನಾಲ್ಕು ದಿನ ಇದ್ದರೆ ಆ ನೆಲ ಮೊದಲಿಗಿಂತ ಚೆನ್ನಾಗಬೇಕು, ಚೆನ್ನಾದದ್ದಕ್ಕೆ ಒಡೆಯ ಋಣಿಯಾಗಿರಬೇಕು. ಭೀಮವ್ವ ಹುಟ್ಟಿದಂದಿನಿಂದ ಕಂಡ ನ್ಯಾಯ ಅದೊಂದೇ. ಅದನ್ನು ಕಟ್ಟಿಕೊಂಡೇ ಅವಳು ಸಮುದ್ರದ ದಂಡೆಗೆ ಹೋದಳು.

ಹೋಗಬೇಕಾಗಿ ಬಂದದ್ದು ಮೇವಿನ ಗುಡ್ಡಕ್ಕೆ ತಂತಿ ಬೇಲಿ ಬಿದ್ದ ಮೇಲೆ. ಹೈದರಾಬಾದಿನ ಮಂದಿ ವಾರಕ್ಕೊಂದು ದಿನ ಬಂದು ಕೂರಲು ಫಾರ್ಮ್‌ಹೌಸಿನ ಪ್ಲಾಟು ಮಾಡಿಕೊಂಡರು. ಉಳಿದ ಆರು ದಿನ ಅಲ್ಲಿ ಒಂದು ನಾಯಿ ಬೊಗಳುತ್ತದೆ, ಅಷ್ಟೆ. ಮೇಯಿಸಲು ಜಾಗವಿಲ್ಲದೆ ಭೀಮವ್ವನ ಗಂಡ ಬೀರಣ್ಣ ಮುಕ್ಕಾಲು ಮಂದೆ ಮಾರಿದ. ಉಳಿದದ್ದನ್ನು ಅವಳು ಕಂಗ್ಟಿಯಲ್ಲಿರುವ ತಮ್ಮ ಸಿದ್ದರಾಮನಿಗೆ ಒಪ್ಪಿಸಿದಳು. ಬೀದರ ಕಡೆಯ, ಗೋಡೆ ಕಟ್ಟುವ ಗೌಂಡಿಗಳ ಗುಂಪೊಂದು ಗೋವಾಕ್ಕೆ ಹೊರಟಿತ್ತು. ಗಂಡ, ಹೆಂಡತಿ, ಏಳನೇ ತರಗತಿ ಮುಗಿಸಿದ ಮಗಳು ಮನಿಷಾ, ಮೂವರೂ ಅವರ ಹಿಂದೆ ಹೋದರು. ಅಲ್ಲಿ ಕೂಲಿ ಇಲ್ಲಿಯ ಎರಡರಷ್ಟು ಎಂದು ಹೇಳಿದವರು ಬೇಕಾದಷ್ಟು ಮಂದಿ ಇದ್ದರು. ಆ ಕೂಲಿಗೆ ಅಲ್ಲಿ ಏನು ಸಿಗುತ್ತದೆ ಎಂದು ಒಬ್ಬನೂ ಬಾಯಿ ಬಿಡಲಿಲ್ಲ.

ಊರಿನ ಹೆಸರು ಹೇಳುವುದಿಲ್ಲ. ಉತ್ತರ ಗೋವಾದ ಒಂದು ಬೀಚಿನ ಊರು, ನೀವೂ ಮೊಬೈಲಿನಲ್ಲಿ ನೋಡಿರುತ್ತೀರಿ. ಬೀರಣ್ಣ ಕಟ್ಟಡದ ಕೆಲಸಕ್ಕೆ ಸೇರಿದ. ಭೀಮವ್ವ ಲಾಡ್ಜುಗಳಲ್ಲಿ ಕಸ ಗುಡಿಸಿ, ಹಾಸಿಗೆಯ ಚಾದರು ಒಗೆಯುವ ಕೆಲಸ ಹಿಡಿದಳು. ಮೊದಲ ತಿಂಗಳೇ ನನ್ನ ಹೆಂಡತಿ ಕೌಶಲ್ಯಾಗೆ ಅವಳ ಫೋನು ಬಂತು.

"ಅಕ್ಕಾ, ಒಂದು ಕಟ್ಟು ಕೊತಂಬ್ರಿಗಿ ಮೂವತ್ತು ರೂಪಾಯಿ ಅಂತ್ರೀ! ನಿಮ್ಮ ಹೊಲದಾಗ ಇಷ್ಟು ಕೊತಂಬ್ರಿ ನಮ್ಮ ಕುರಿ ಬಾಯಿ ಆಡಿಸಿ ಬಿಡ್ತಿದ್ವು. ನೀರೂ ಟ್ಯಾಂಕರಿನವಂಗ ರೊಕ್ಕ ಕೊಟ್ಟು ಕುಡೀಬೇಕು. ಜ್ವಾಳದ ಹಿಟ್ಟಂತೂ ಬಂಗಾರ ಆಗ್ಯಾದ."

ಕೌಶಲ್ಯಾ ನಕ್ಕಳು. ನಾನೂ ನಕ್ಕೆ. ಆಮೇಲೆ ಭೀಮವ್ವ ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಜೋಳದ ಹಿಟ್ಟು, ತೊಗರಿಬೇಳೆ, ಖಾರದ ಪುಡಿ ಗಂಟು ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದಳು. ಬಸ್ಸಿನವನು ಆ ಗಂಟಿಗೂ ಟಿಕೆಟ್ ಹರಿಯುತ್ತಿದ್ದ. ಆ ಊರಿನಲ್ಲಿ ಪ್ರತಿ ವಸ್ತುವಿಗೂ ಎರಡು ದರ, ಮಳೆಗಾಲಕ್ಕೊಂದು, ಟೂರಿಸ್ಟರು ಬರುವ ಸೀಜನ್ನಿಗೊಂದು. ಕೂಲಿಗೆ ಮಾತ್ರ ವರ್ಷವಿಡೀ ಒಂದೇ ದರ. ಯಾವ ತಲೆ ಇದನ್ನು ಯೋಚಿಸಿತೋ, ಆ ತಲೆಯನ್ನು ನಮ್ಮ ಬಿಸಿಲಿನಲ್ಲಿ ಒಂದು ದಿನ ತೊಗರಿ ಕೊಯ್ಯಲು ಹಚ್ಚಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಕೋಣೆಯ ಬಾಡಿಗೆ. ಮೊದಲ ವರ್ಷ ಶಾಲೆಯ ಹತ್ತಿರವೇ ಒಂದು ಕೋಣೆ ಸಿಕ್ಕಿತ್ತು. ನವೆಂಬರಿನಲ್ಲಿ ಮಾಲಕ ಬಾಡಿಗೆ ಎರಡು ಪಟ್ಟು ಮಾಡಿದ. ಕೊಡಲಾಗದೆ ಹಿಂದಕ್ಕೆ ಸರಿದರು. ಮರುವರ್ಷ ನವೆಂಬರಿನಲ್ಲಿ ಮತ್ತೆ ಅದೇ, ಮತ್ತೂ ಹಿಂದಕ್ಕೆ. ಮನಿಷಾ ಶಾಲೆಗೆ ನಡೆಯುವ ದಾರಿ ಹತ್ತು ನಿಮಿಷದಿಂದ ಒಂದು ತಾಸಿಗೆ ಬಂತು. ಮಳೆಯಲ್ಲಿ ನೆನೆದು ಹೋಗಿ, ನೆನೆದ ಬಟ್ಟೆಯಲ್ಲೇ ಕೂತು, ಎರಡು ಸಲ ಜ್ವರ ಬಂದು ಮಲಗಿದಳು. ಹುಡುಗಿ ಓದಿನಲ್ಲಿ ಜಾಣೆ, ಗಣಿತದಲ್ಲಿ ತರಗತಿಗೇ ಮುಂದು. ಅವಳು ಹತ್ತನೇ ತರಗತಿಗೆ ಬಂದ ವರ್ಷ ಭೀಮವ್ವ ಗಂಡನಿಗೆ ಹೇಳಿಬಿಟ್ಟಳು: ಮಾರ್ಚ್ ತಿಂಗಳ ಪರೀಕ್ಷೆ ಮುಗಿಯುವ ತನಕ ಈ ಸಲ ಗಂಟುಮೂಟೆ ಎತ್ತುವುದಿಲ್ಲ. ಹೊಟ್ಟೆಗೆ ಕಡಿಮೆಯಾದರೂ ಸರಿ, ಒಂದೇ ಸೂರಿನ ಕೆಳಗೆ ಮಗಳು ಓದಬೇಕು.

ಅದಕ್ಕೆ ಅವಳು ಹೂಡಿದ ಉಪಾಯ ನೋಡಿ. ಯಾವ ಟೂರಿಸ್ಟನೂ ಕಾಲಿಡಲಾರದ ಜಾಗ ಹುಡುಕಿದಳು. ಶಾಲೆಯ ಹಿಂದಿನ ರಸ್ತೆಯಲ್ಲಿ ದೇವಿದಾಸ ಅಂತ ಒಬ್ಬನ ಮನೆ ಇದೆ. ಅವನ ಹಿತ್ತಲಲ್ಲಿ ತೆಂಗಿನಕಾಯಿ ತುಂಬುತ್ತಿದ್ದ ಒಂದು ಹಳೇ ಕೋಣೆ. ಹೆಂಚು ಒಡೆದಿತ್ತು, ಒಳಗೆ ಹೆಗ್ಗಣ ಸಂಸಾರ ಹೂಡಿತ್ತು, ಪಕ್ಕದ ಬಾವಿ ಕಸ ತುಂಬಿ ನಾರುತ್ತಿತ್ತು. ಜೂನಿನಲ್ಲಿ ಅವಳು ಅದನ್ನು ತಿಂಗಳಿಗೆ ಮೂರು ಸಾವಿರಕ್ಕೆ ಹಿಡಿದಳು. ಸೀಜನ್ನಿನಲ್ಲೂ ಬಾಡಿಗೆ ಏರಿಸಬಾರದು, ಮಾರ್ಚ್ ಮುಗಿಯುವ ತನಕ ಬಿಡಿಸಬಾರದು ಅಂದಳು. ದೇವಿದಾಸ ತಲೆಯಾಡಿಸಿದ. ಕಾಗದ ಮಾಡಿಸಲಿಲ್ಲ. ನಮ್ಮ ಹೊಲದಲ್ಲಿ ಅವರ ಮಂದೆ ತರುಬಲು ಯಾವ ಕಾಗದ ಇತ್ತು ಹೇಳಿ?

ಆ ಹಾಳು ಕೋಣೆಯನ್ನು ಹಾಳಾಗಿಯೇ ಬಿಟ್ಟಿದ್ದರೆ ಭೀಮವ್ವ ಗೆಲ್ಲುತ್ತಿದ್ದಳು. ಬಿಡಲು ಅವಳಿಂದ ಆಗಲಿಲ್ಲ. ಬೀರಣ್ಣ ಹೆಂಚು ಬದಲಿಸಿದ, ಕೆಲಸದ ಜಾಗದಲ್ಲಿ ಉಳಿದ ಸಿಮೆಂಟು ಕೇಳಿ ತಂದು ನೆಲ ಮಾಡಿದ. ಭೀಮವ್ವ ಗೋಡೆಗೆ ಎರಡು ಸಲ ಸುಣ್ಣ ಬಳಿದಳು. ಗಂಡ ಹೆಂಡತಿ ನಾಲ್ಕು ಭಾನುವಾರ ಬಾವಿಗೆ ಇಳಿದು ಹೂಳು ತೆಗೆದರು, ತಿಳಿನೀರು ಬಂತು. ಬಾಗಿಲ ಮುಂದೆ ಅವರೆ ಬಳ್ಳಿ ಹಬ್ಬಿಸಿದಳು. ಬಾಗಿಲ ದಾರಂದಕ್ಕೆ ಮೈಲಾರಲಿಂಗನ ಅರಿಶಿನದ ಭಂಡಾರ ಹಚ್ಚಿದಳು. ದೇವಿದಾಸ ದಿನಾ ಬಂದು ನೋಡಿ ಸಂತೋಷಪಡುತ್ತಿದ್ದನಂತೆ. ಇವಳು ಅದನ್ನು ಕೌಶಲ್ಯಾಗೆ ಹೆಮ್ಮೆಯಿಂದ ಹೇಳಿದಳು: "ಸೇಟ್ ಭಾಳ ಖುಷಿ ಆಗ್ಯಾನ ಅಕ್ಕಾ. ಅವನ ಜಾಗಾ ಹಸನ ಮಾಡೀವಿ. ಇನ್ನ ನಮಗ ಹೋಗು ಅನ್ನಾಕ ಅವಂಗ ಹ್ಯಾಂಗ ಬಾಯಿ ಬರ್ತದ?"

ಇನ್ನು ನನ್ನ ಪಾಲು.

ಕಳೆದ ವರ್ಷ ಶುಂಠಿಗೆ ಒಳ್ಳೆ ಬೆಲೆ ಬಂತು. ಜಹೀರಾಬಾದಿನ ನನ್ನ ಗೆಳೆಯ ಜೈಪಾಲ ಹೊಸ ಕಾರು ತೆಗೆದಿದ್ದ. ಅವನು, ಅವನ ಭಾವ ವೀರಭದ್ರ, ನಾನು, ಮೂವರೂ ವರ್ಷದ ಕೊನೆಗೆ ಗೋವಾಕ್ಕೆ ಹೋಗುವುದೆಂದು ಮಾತಾಯಿತು. ಐವತ್ತು ದಾಟಿದರೂ ನಾನು ಸಮುದ್ರ ಕಂಡವನಲ್ಲ. ಎಲ್ಲ ಲಾಡ್ಜೂ ತುಂಬಿದೆ ಎಂದು ಜೈಪಾಲ ಕೈಚೆಲ್ಲಿದಾಗ ನಾನು ಎದೆಯುಬ್ಬಿಸಿ ಹೇಳಿದೆ: "ಅಲ್ಲಿ ನಮ್ಮವರು ಅದಾರ, ನಾ ನೋಡ್ತೀನಿ ಬಿಡು." ಬೀರಣ್ಣನಿಗೆ ಫೋನು ಹಚ್ಚಿದೆ. ಭೀಮವ್ವ ಫೋನು ಕಸಿದುಕೊಂಡಳು.

"ಬರ್ರಿ ಅಣ್ಣೋರ! ನೀವು ಬರೋದು ನಮಗ ಹಬ್ಬ. ನಮ್ಮ ಸೇಟಿಗಿ ಕೇಳಿ ರೂಮ್ ಕೊಡಿಸ್ತೀನಿ."

ಅರ್ಧ ತಾಸಿನಲ್ಲಿ ದೇವಿದಾಸನೇ ಫೋನು ಮಾಡಿದ. ರಾತ್ರಿಗೆ ನಾಲ್ಕು ಸಾವಿರ, ಐದು ರಾತ್ರಿ, ಅರ್ಧ ದುಡ್ಡು ಮುಂಗಡ. ನನ್ನ ಜಾಯಮಾನಕ್ಕೆ ನಾನು ಐದು ರೂಪಾಯಿಯ ಬದನೆಕಾಯಿಗೂ ಚೌಕಾಸಿ ಮಾಡುವವನು. ಅವತ್ತು ಜೈಪಾಲ ಎದುರಿಗೆ ಕೂತಿದ್ದ, ಶುಂಠಿಯ ದುಡ್ಡು ಕಿಸೆಯಲ್ಲಿತ್ತು. ಹೂಂ ಅಂದೆ. ಯಾವ ಕೋಣೆ ಎಂದು ಕೇಳಲಿಲ್ಲ.

ಡಿಸೆಂಬರ್ ಇಪ್ಪತ್ತೆಂಟರ ಸಂಜೆ ತಲುಪಿದೆವು. ಕಾರಿನ ಡಿಕ್ಕಿಯಲ್ಲಿ ಭೀಮವ್ವನಿಗೆಂದು ಕೌಶಲ್ಯಾ ಕಳಿಸಿದ ಜೋಳದ ಚೀಲ ಇತ್ತು. ದೇವಿದಾಸ ನಗುನಗುತ್ತ ಹಿತ್ತಲಿಗೆ ಕರೆದೊಯ್ದ. ಬಿಳಿ ಗೋಡೆ, ಅವರೆ ಬಳ್ಳಿ, ತಿಳಿನೀರಿನ ಬಾವಿ. ಬಾಗಿಲಿಗೆ ಹೊಸ ಬೋರ್ಡು, ಹಳ್ಳಿಮನೆ ಅಂತ ಏನೋ ಇಂಗ್ಲಿಷಿನಲ್ಲಿ. "ಭಾರಿ ಅದ ಬಿಡೋ ಸಾಯಪ್ಪ" ಅಂತ ವೀರಭದ್ರ ಬೆನ್ನು ತಟ್ಟಿದ. ಭೀಮವ್ವ ಎಲ್ಲಿ ಅಂತ ಕೇಳಿದೆ. ಇಲ್ಲೇ ಹತ್ತಿರ ಇದ್ದಾರೆ, ಬೆಳಿಗ್ಗೆ ಬರುತ್ತಾರೆ ಅಂದ. ದಾರಂದದ ಮೇಲೆ ಅರಿಶಿನದ ಬಣ್ಣ ಕಂಡಿತು. ಗೋವಾದಲ್ಲೂ ಮೈಲಾರಲಿಂಗನ ಒಕ್ಕಲು ಇದೆಯೇ ಅಂದುಕೊಂಡೆ. ಅಷ್ಟು ದಡ್ಡ ನಾನು.

ಬೆಳಿಗ್ಗೆ ಬಾಗಿಲು ಎಳೆದಾಗ ಅದರ ಹಿಂದಿನ ಗೋಡೆ ಕಂಡಿತು. ಪೆನ್ಸಿಲಿನಲ್ಲಿ ಗಣಿತದ ಸೂತ್ರಗಳು, ಕೆಳಗೆ ಪರೀಕ್ಷೆಯ ದಿನಗಳು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮನಿಷಾ ಎಂಬ ಹೆಸರು. ನಾನು ಅದನ್ನು ನೋಡುತ್ತ ನಿಂತಿರುವಾಗಲೇ ಹೊರಗೆ ಕಸಬರಿಗೆಯ ಸದ್ದಾಯಿತು. ಭೀಮವ್ವ. ನಮ್ಮ ಕೋಣೆ ಗುಡಿಸಲು, ನಾವು ಹೊದ್ದ ಚಾದರು ಒಗೆಯಲು ಬಂದಿದ್ದಳು.

"ಛಲೋ ನಿದ್ದಿ ಹತ್ತಿತೇನ್ರಿ ಅಣ್ಣೋರ?"

"ಭೀಮವ್ವ, ಇದು ನಿನ್ನ ಮನಿ ಏನು?"

"ಇತ್ರಿ. ನಾ ಅವಂಗ ನಮ್ಮ ಹೊಲದ ಧಣಿ ಬರ್ತಾರ, ಎಲ್ಲಿಯಾದರೂ ಒಂದು ರೂಮ್ ನೋಡು ಅಂದಿದ್ದೆ. ನಿಮ್ಮ ರೊಕ್ಕ ಬಂದ ದಿನ ನಮ್ಮ ಭಾಂಡಿ ಹೊರಗ ಇಟ್ಟ. ಮೊದಲೇ ನಿಮಗ ಹೇಳಬೇಕಂದೆ. ಮನಿಷಾನ ಅಪ್ಪ ಬ್ಯಾಡ ಅಂದ. ಮನಿಗಿ ಬರೋರಿಗಿ ಹ್ಯಾಂಗ ಬ್ಯಾಡ ಅನ್ನೋದು ಅಂದ."

ಡಿಕ್ಕಿಯಿಂದ ಜೋಳದ ಚೀಲ ತಂದು ಅವಳ ಮುಂದಿಟ್ಟೆ. ಬೇರೇನು ಮಾಡಬೇಕು ತಿಳಿಯಲಿಲ್ಲ. ಅವಳು ಚೀಲವನ್ನೂ ನನ್ನನ್ನೂ ನೋಡಿದಳು.

"ಇದನ್ನ ಎಲ್ಲಿಡಲ್ರಿ ಅಣ್ಣೋರ?"

ಅವಳ ಜೊತೆ ಹೋಗಿ ನೋಡಿದೆ. ಬೀರಣ್ಣ ಕೆಲಸ ಮಾಡುವ ಅರ್ಧ ಕಟ್ಟಿದ ಹೋಟೆಲು. ಗೋಡೆಯಿಲ್ಲದ ಕೆಳಮಹಡಿಯಲ್ಲಿ ನಾಲ್ಕು ಕಂಬಕ್ಕೆ ನೀಲಿ ತಾಡಪಾಲು ಬಿಗಿದಿದ್ದರು. ಪಕ್ಕದಲ್ಲೇ ಕಲ್ಲು ಕೊಯ್ಯುವ ಮೆಷಿನ್ನು ಕಿರುಚುತ್ತಿತ್ತು. ಮನಿಷಾ ಸಿಮೆಂಟಿನ ಚೀಲದ ಮೇಲೆ ಕೂತು, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಪುಸ್ತಕ ನೋಡುತ್ತಿದ್ದಳು. ಪುಟದ ಮೇಲೆ ಬಿಳಿ ಧೂಳು. ಅದನ್ನು ಊದಿ ಓದುವಳು, ಮತ್ತೆ ಊದುವಳು. ನನ್ನನ್ನು ಕಂಡು ಎದ್ದು ನಿಂತು ನಮಸ್ಕಾರ ಕಾಕಾ ಅಂದಳು.

ಅಲ್ಲಿಂದ ಸೀದಾ ದೇವಿದಾಸನ ಅಂಗಳಕ್ಕೆ ಹೋದೆ. ಬಾಯಿಗೆ ಬಂದ ಹಿಂದಿಯಲ್ಲಿ ಬೈದೆ. ಅವಳ ಬೆವರಿಗೆ ಬಾಡಿಗೆ ಹಚ್ಚಿ ತಿನ್ನುತ್ತೀಯಾ ಅಂದೆ, ಕೊಟ್ಟ ಮಾತು ಬಾವಿಗೆ ಹಾಕಿದೆಯಾ ಅಂದೆ. ಅಕ್ಕಪಕ್ಕದವರು ಕಿಟಕಿ ತೆರೆದರು. ಅವನು ಮೀನಿನ ಚೀಲ ಹಿಡಿದು ಪೇಟೆಯಿಂದ ಆಗ ತಾನೇ ಬಂದಿದ್ದ. ಎಲ್ಲ ಕೇಳಿಸಿಕೊಂಡ.

"ನನ್ನ ಮೇಲೆ ಯಾಕೆ ಕೂಗುತ್ತೀರಿ?" ಅಂದ. "ನಾಲ್ಕು ಸಾವಿರ ಅಂದಾಗ ನೀವು ಒಂದು ಮಾತು ಚೌಕಾಸಿ ಮಾಡಿದಿರಾ? ನೀವು ಹೂಂ ಅಂದಿರಿ. ನಿಮ್ಮಂಥವರು ಹೂಂ ಅಂದದ್ದಕ್ಕೇ ಇಲ್ಲಿಯ ದರ ಇದು. ಈ ಬಂಗಡೆ ಮೀನು ನಾನೂ ನಿಮ್ಮ ದರಕ್ಕೇ ತಂದೆ. ನನ್ನ ಮಗಳು ಮದುವೆಯಾಗಿ ಈ ಊರಲ್ಲಿ ಬಾಡಿಗೆ ಮನೆ ಸಿಗದೆ ಒಂದು ತಾಸು ದೂರ ಹೋಗಿ ಇದ್ದಾಳೆ. ಅದಕ್ಕೆ ನಾನು ಯಾರ ಅಂಗಳಕ್ಕೆ ಹೋಗಿ ಕೂಗಲಿ?"

"ನಾವು ಕೋಣೆ ಬಿಡ್ತೀವಿ. ಅವರಿಗೆ ಕೊಡು."

"ಬಿಡಿ. ದುಡ್ಡು ವಾಪಸ್ ಇಲ್ಲ. ಬಾಗಿಲಲ್ಲಿ ಬೇರೆ ಪಾರ್ಟಿ ಕಾಯುತ್ತಿದೆ. ಮಾರ್ಚ್ ತನಕ ಬುಕ್ ಆಗಿದೆ."

ಅವನ ಕಪಾಳಕ್ಕೆ ಬಿಗಿಯಬೇಕು ಅನ್ನಿಸಿತು. ಬಿಗಿದಿದ್ದರೂ ಅವನ ಮಾತು ಸುಳ್ಳಾಗುತ್ತಿರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. ಕೋಣೆಗೆ ಬಂದು ಜೈಪಾಲನಿಗೆ ಹೇಳಿದೆ, ನಡೀರಿ, ಇಲ್ಲಿ ಇರುವುದು ಬೇಡ. ವೀರಭದ್ರ ಕಣ್ಣು ಕೆಕ್ಕರಿಸಿದ. "ರೊಕ್ಕ ಕೊಟ್ಟೀವಿ, ಯಾಕ ಬಿಡಬೇಕು? ನಾವು ಬಿಟ್ಟರ ಅಕಿಗಿ ಸಿಗ್ತದೇನು?" ಸಿಗುವುದಿಲ್ಲ. ಅದು ನನಗೂ ಗೊತ್ತಿತ್ತು. ಕಾರಿನಲ್ಲಿ ಮಲಗಬಹುದಿತ್ತು. ನಾಲ್ಕು ಕಂಬದ ನಡುವೆ ಬೀರಣ್ಣನ ಪಕ್ಕ ಮಲಗಬಹುದಿತ್ತು. ಕೂಗಾಡಿ ದಣಿದಿದ್ದೆ. ಆ ರಾತ್ರಿ ಅಲ್ಲೇ ಮಲಗಿದೆ. ಮರುದಿನವೂ ಅಲ್ಲೇ. ಐದೂ ರಾತ್ರಿ ಆ ಬಿಳಿ ಗೋಡೆಗಳ ನಡುವೆ ಮಲಗಿದೆ. ಪ್ರತಿ ಬೆಳಿಗ್ಗೆ ಭೀಮವ್ವ ಬಂದು ನಾನು ಹೊದ್ದ ಚಾದರು ಎತ್ತಿಕೊಂಡು ಹೋದಳು. ಎರಡನೇ ದಿನದಿಂದ ಅವಳು ನಿದ್ದೆಯ ವಿಷಯ ಕೇಳಲಿಲ್ಲ.

ಊರಿಗೆ ಬಂದು ಕೌಶಲ್ಯಾಗೆ ಬೇರೆಯೇ ಹೇಳಿದೆ. ವಿಷಯ ತಿಳಿದ ಕೂಡಲೇ ಆ ಕೋಣೆ ಬಿಟ್ಟು ಬೇರೆ ಕಡೆ ಹೋದೆವು ಅಂದೆ. ದೇವಿದಾಸನಿಗೆ ಬೈದದ್ದನ್ನು ಮಾತ್ರ ಒಂದಕ್ಷರ ಬಿಡದೆ ಹೇಳಿದೆ. ನಾಲ್ಕು ಮಂದಿ ಸೇರಿದಲ್ಲೆಲ್ಲ ಹೇಳಿದೆ. ಸಾಯಪ್ಪ ಗೋವಾದವನ ನೀರಿಳಿಸಿ ಬಂದ ಅಂತ ಊರು ಮಾತಾಡಿತು.

ಜನವರಿ ಎರಡನೇ ವಾರ ಹೋಟೆಲು ಕಟ್ಟುವವರು ಕೆಳಮಹಡಿ ಖಾಲಿ ಮಾಡಿಸಿದರು. ಆ ಊರಿನಲ್ಲಿ ಬೇರೆ ಒಂದು ಕೋಣೆಗೆ ತಿಂಗಳಿಗೆ ಹದಿನೈದು ಸಾವಿರ ಕೇಳುತ್ತಿದ್ದರಂತೆ, ಅದು ಬೀರಣ್ಣನ ತಿಂಗಳ ದುಡಿಮೆ. ಮೂವರೂ ಗಂಟು ಕಟ್ಟಿ ಊರಿಗೆ ಬಂದರು. ನಾನು ಕೊಟ್ಟ ಜೋಳದ ಚೀಲ ಹೆಗ್ಗಣದ ಪಾಲಾಗಿತ್ತು. ಮನಿಷಾ ಪರೀಕ್ಷೆ ಬರೆಯಲಿಲ್ಲ. ಇಲ್ಲಿಯ ಶಾಲೆಯವರು ಜೂನಿನಲ್ಲಿ ಬಂದು ಹತ್ತನೇ ತರಗತಿಗೇ ಮತ್ತೆ ಸೇರು ಅಂದರು. ಜಾಣೆ ಹುಡುಗಿ ಕೈಯಲ್ಲಿ ಕೋಲು ಹಿಡಿದು ಕುರಿಯ ಹಿಂದೆ ನಡೆದಳು. ಭೀಮವ್ವ ತಮ್ಮನ ಹತ್ತಿರ ಬಿಟ್ಟಿದ್ದ ಕುರಿಗಳನ್ನು ಹೊಡೆದುಕೊಂಡು ಬಂದಿದ್ದಳು. ಸಿದ್ದರಾಮನ ಕುರಿಗಳೂ ಸೇರಿ ಮತ್ತೆ ನೂರು ತುಂಬಿತ್ತು.

ಮೇ ತಿಂಗಳಲ್ಲಿ ನಾನೇ ಅವರ ಓಣಿಗೆ ಹೋಗಿ ಕರೆದೆ. ಬರುವುದಿಲ್ಲ ಅನ್ನುತ್ತಾಳೆ ಎಂದುಕೊಂಡಿದ್ದೆ. ಬಂದಳು. ಹೊತ್ತು ಇಳಿಯುವಾಗ ಮಂದೆ ನನ್ನ ಹೊಲಕ್ಕೆ ಇಳಿಯಿತು, ಬೀರಣ್ಣ ಕುರಿಗಳ ಸುತ್ತ ಬಲೆ ಕಟ್ಟಿದ. ನಾನು ಜೋಳದ ಚೀಲ ಇಳಿಸಿ ಹೇಳಿದೆ:

"ಈ ಸಲ ರಾತ್ರಿಗಿ ಎರಡು ಪಟ್ಟು ಕೊಡ್ತೀನಿ ಭೀಮವ್ವ."

"ಸೀಜನ್ ರೇಟೇನ್ರಿ?" ಅಂದಳು. ನಗಲಿಲ್ಲ. "ನಮ್ಮಲ್ಲಿ ಸೀಜನ್ ಇಲ್ರಿ ಅಣ್ಣೋರ. ನಿಮ್ಮಪ್ಪ ಎಷ್ಟು ಕೊಡ್ತಿದ್ರು, ಅಷ್ಟೇ ಅಳೀರಿ."

ಅಳೆದೆ. ಒಂದೊಂದು ಸೇರನ್ನೂ ಮನಿಷಾ ಎಣಿಸುತ್ತಿದ್ದಳು. ಆಮೇಲೆ ಕೌಶಲ್ಯಾ ಕಟ್ಟಿಕೊಟ್ಟ ಬುತ್ತಿ ಮುಂದಿಟ್ಟೆ. ಬಿಸಿ ರೊಟ್ಟಿ, ಪುಂಡಿಪಲ್ಲೆ, ಭೀಮವ್ವನಿಗೆ ಇಷ್ಟ ಅಂತ ಶೇಂಗಾ ಹಿಂಡಿ. ಮಾವನ ಕಾಲದಿಂದ ಅವರು ನಮ್ಮ ಹೊಲದಲ್ಲಿ ಸ್ವಂತ ಒಲೆ ಹೂಡಿದವರಲ್ಲ. ಭೀಮವ್ವ ಮೂರು ಕಲ್ಲು ತಂದು ಇಡುತ್ತಿದ್ದಳು.

"ಇದೇನು ಭೀಮವ್ವ? ಊಟ ಬಂದದಲ್ಲ."

ಅವಳು ಕಲ್ಲು ಸರಿಮಾಡಿ ಸೊಂಟ ನೆಟ್ಟಗೆ ಮಾಡಿದಳು.

"ಜ್ವಾಳ ಕುರಿ ತರುಬಿದ್ದಕ್ರಿ, ತಗೋತೀನಿ. ಊಟ ನಿಮಗೂ ನಮಗೂ ಇದ್ದ ಸಂಬಂಧದ್ದು. ಅದು ಅಲ್ಲೇ ಆ ರೂಮಿನಾಗ ಉಳೀತು. ಒಂದು ದಿನ ನೀವು ಎದ್ದು ಬಂದು ನಮ್ಮ ತಾಡಪಾಲಿನಾಗ ಕೂತಿದ್ದರ ಸಾಕಿತ್ತು. ರೂಮ್ ಸಿಗ್ತಿರಲಿಲ್ಲ, ನನಗ ಗೊತ್ತದ. ನಮ್ಮವರು ಅನ್ನೋದು ಉಳೀತಿತ್ತು. ಐದು ದಿನ ನಿಮ್ಮ ಚಾದರು ಒಗದೀನಿ ನಾ."

ಮುಂದಿಟ್ಟ ಬುತ್ತಿ ಎತ್ತಿಕೊಂಡೆ. ಬೀರಣ್ಣ ತಲೆ ತಗ್ಗಿಸಿ ಬಲೆಯ ಗೂಟ ಬಡಿಯುತ್ತಿದ್ದ. ಮನಿಷಾ ಒಲೆಗೆ ಕಡ್ಡಿ ಒಟ್ಟಿದಳು.

ಬುತ್ತಿ ಹಿಡಿದು ಮನೆಗೆ ಬಂದೆ. ಕೌಶಲ್ಯಾ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಬಿಚ್ಚದ ಗಂಟು ನೋಡಿದಳು, ನನ್ನ ಮುಖ ನೋಡಿದಳು. ಮೊರ ಕೆಳಗಿಟ್ಟಳು.

"ನೀವು ಆ ಕೋಣಿ ಬಿಟ್ಟು ಬಂದಿರಲಿಲ್ಲ, ಹೌದಲ್ರಿ? ಐದೂ ರಾತ್ರಿ ಅಲ್ಲೇ ಮಲಗಿದ್ರಿ?"

ಹೂಂ ಅಂದೆ.